ಕೆಂದೊಗಟೆ ಮರಕ್ಕೆ ಬೈದ ಊರು

ಬಾಯಿಬಡುಕಿ ಅಂದ್ರೆ ಬೇರೆ ಊರಲ್ಲಿ ಬೈಗುಳವಂತೆ. ನಮ್ಮೂರಲ್ಲಿ ಅದು ಕಸುಬು. ನಮ್ಮತ್ತೆ ಬಾಯಿಬಡುಕಿ, ಅವರತ್ತೆ ಬಾಯಿಬಡುಕಿ, ಈಗ ನಾನು, ಹೊನ್ನಾಜಮ್ಮ. ಹೆಣ್ಣು ನೋಡೋಕೆ ಬಂದ ದಿನ ನಮ್ಮತ್ತೆ ನನಗೆ ಹಾಡು ಹೇಳು ಅನ್ನಲಿಲ್ಲ, ರಂಗೋಲಿ ಹಾಕು ಅನ್ನಲಿಲ್ಲ. ನಾನು ಕೊಟ್ಟ ಕಾಫಿ ಲೋಟಾನ ಬೇಕಂತಲೇ ನನ್ನ ಹೊಸ ಸೀರೆ ಮೇಲೆ ಚೆಲ್ಲಿ, ಮುಖ ನೋಡ್ತಾ ಕೂತ್ರು. ನಾನು ತುಟಿ ಬಿಚ್ಚಲಿಲ್ಲ, ಆದ್ರೆ ಎರಡೂ ಕಿವಿ ಕೆಂಡದ ಹಾಗೆ ಆದುವಂತೆ. "ಈ ಹುಡುಗಿ ಆಗ್ತಾಳೆ" ಅಂತ ಎದ್ದು ತಾಂಬೂಲ ಇಸ್ಕೊಂಡ್ರು.

ನಮ್ಮೂರು ಇರೋದು ಗುಡ್ಡದ ನೆತ್ತಿ ಹತ್ರ, ಮಟಮಟ ಮಧ್ಯಾಹ್ನಾನೂ ಮಂಜು ಬಂದು ಒಳಗೆ ಕೂರೋವಷ್ಟು ಎತ್ತರದಲ್ಲಿ. ಅಲ್ಲಿ ಮರಗಳು ಉದ್ದಕ್ಕೆ ಬೆಳೆಯೋಲ್ಲ. ಗಾಳಿಗೆ ಬಗ್ಗಿ, ಮೈತುಂಬ ಪಾಚಿ ಹೊದ್ದು, ಒಂದನ್ನೊಂದು ಹಿಡ್ಕೊಂಡು ನಿಂತಿರ್ತವೆ. ಅವುಗಳ ನಡುವೆ ಕೆಂದೊಗಟೆ ಮರ. ಊರಿಗೆ ಅದೇ ಅಂಗಡಿ, ಅದೇ ಆಸ್ಪತ್ರೆ. ಅದರ ಎಲೇಲಿ ಕಡುಬು ಕಟ್ತೀವಿ. ಗಾಳಿಗೆ ಬಿದ್ದ ಕೊಂಬೆ ದಪ್ಪಗಿದ್ರೆ ತೊಟ್ಟಿಲು, ಸಣ್ಣಗಿದ್ರೆ ಕುಡುಗೋಲಿಗೆ ಹಿಡಿ. ಒಣಗಿದ ಹೂವನ್ನ ಕೊಟ್ಟಿಗೇಲಿ ಹೊಗೆ ಹಾಕಿದ್ರೆ ದನಕ್ಕೆ ನೊಣದ ಕಾಟ ಇಲ್ಲ. ತೊಗಟೆ ಒಣಗಿಸಿ ಕುದಿಸಿದ ನೀರಲ್ಲಿ ಕಂಬಳಿ ಅದ್ದಿದ್ರೆ ಅಜ್ಜ ಹೊದ್ದ ಕೆಂಪು ಮೊಮ್ಮಗನಿಗೂ ಉಳೀತದೆ. ಹಸಿ ತೊಗಟೆ ಮಾತ್ರ ಔಷಧಿ. ಚಳಿಜ್ವರಕ್ಕೆ ಒಂದು ಚೂರು ಸಾಕು. ಹೆರಿಗೆ ಆದ್ಮೇಲೆ ರಕ್ತ ನಿಲ್ಲದೆ ಹೋದ್ರೆ ಅಂಗೈಯಗಲ ಬೇಕು, ಬಿಡಿಸಿದ ತಕ್ಷಣ ಕುದಿಸಿ ಕುಡಿಸ್ಬೇಕು. ಕೆಳಗಿನ ದೊಡ್ಡಾಸ್ಪತ್ರೆಗೆ ಇಡೀ ಹಗಲಿನ ದಾರಿ. ಅಷ್ಟು ಹೊತ್ತು ಯಾವ ಬಾಣಂತಿಯೂ ಕಾಯೋಲ್ಲ.

ಕತ್ತಿ ಹಾಕಿ ಕಿತ್ತ ತೊಗಟೆ ಕುದಿಸಿದ್ರೆ ಬರೀ ಕಹಿ ನೀರು, ಬಣ್ಣಾನೂ ಬರೋಲ್ಲ, ಗುಣಾನೂ ಇಲ್ಲ. ಮರ ತಾನಾಗಿ ಬಿಡ್ಬೇಕು. ಬಿಡೋದು ಬೈದ್ರೆ ಮಾತ್ರ. ಮರದ ಮೈಗೆ ಅಂಗೈ ಇಟ್ಟು ಹೊಟ್ಟೆಯೊಳಗಿಂದ ಬೈಬೇಕು. ನಾಟಕ ಆಡಿದ್ರೆ ಅದು ಮಿಸುಕೋಲ್ಲ. ಸಿಟ್ಟು ನಿಜವಾಗಿದ್ರೆ, ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ತೊಗಟೆ ಕೈ ಕೆಳಗೆ ಏಳ್ತದೆ. ಸಿಟ್ಟು ಎಷ್ಟೋ ತೊಗಟೆ ಅಷ್ಟು. ಒಂದು ಕಡೆ ಬಿಡಿಸಿದ್ರೆ ಆ ಗಾಯಕ್ಕೆ ಪಾಚಿ ಮುಚ್ಚೋ ತನಕ ಆ ಮರದ ತಂಟೆಗೆ ಹೋಗ್ಬಾರದು, ಯಾಕಂದ್ರೆ ಸುತ್ತ ಬೋಳಾದ ಮರ ಬದುಕೋಲ್ಲ. ಇಷ್ಟೇ ಪದ್ಧತಿ.

ಸಿಟ್ಟಿಗೆ ಇಷ್ಟು ಬೆಲೆ ಇರೋವಾಗ ಮನೇಲಿ ಯಾರು ದಂಡ ಮಾಡ್ತಾರೆ ಹೇಳಿ? ನಮ್ಮಷ್ಟು ಸಭ್ಯಸ್ಥ ಊರನ್ನ ನೀವು ಕಂಡಿರೋಲ್ಲ. ಗಂಡ ಕುಡಿದು ಬಂದು ಅನ್ನದ ತಟ್ಟೆ ಎಸೆದ್ರೆ ಹೆಂಡ್ತಿ "ನೋಡ್ಕೊಂಡು ಹೋಗಿ, ಸಾರು ಚೆಲ್ಲಿದೆ, ಜಾರ್ತದೆ" ಅಂತಾಳೆ, ಬೆಳಕು ಹರಿದ ಮೇಲೆ ಕಾಡಿಗೆ ಹೋಗ್ತಾಳೆ. ಪಕ್ಕದೋನು ಬೇಲಿ ಒತ್ತಿದ್ರೆ ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿ, ಆಮೇಲೆ ಕಾಡಿನ ದಾರಿ ಹಿಡೀತೀವಿ. ಮಕ್ಕಳು ಕಿತ್ತಾಡೋಕೆ ಶುರುಮಾಡಿದ್ರೆ "ಇಲ್ಲಿ ಖರ್ಚು ಮಾಡ್ಬೇಡ ಮಗಾ, ಮರಕ್ಕೆ ಇಟ್ಕೋ" ಅಂತೀವಿ. ಸಿಟ್ಟೇ ಬಾರದ ಜನಾನೂ ಇರ್ತಾರಲ್ಲ, ಅವರ ಮನೇಲಿ ಕಾಯಿಲೆ ಬಂದ್ರೆ ಬಾಯಿಬಡುಕೀನ ಕರೀತಾರೆ. ನನ್ನ ಮಗ ಬೋರಣ್ಣನೇ ಅಂಥೋನು. ನನ್ನ ಹೊಟ್ಟೇಲಿ ಹುಟ್ಟಿಯೂ ಚೇಳು ಕುಟುಕಿದ್ರೆ "ಪಾಪ, ಅದೂ ಹೆದರಿತ್ತು" ಅಂತಾನೆ. ಮರ ಅವನಿಗೆ ಜನ್ಮದಲ್ಲಿ ಒಂದು ಚಕ್ಕೆ ಕೊಟ್ಟಿಲ್ಲ. ಸೊಸೆ ಚೆಲುವಿಯೂ ಅವನಿಗೆ ತಕ್ಕ ಜೋಡಿ. ಅವಳ ಮಾತು ಕೇಳಿಸ್ಬೇಕಂದ್ರೆ ಒಲೆ ಊದೋದು ನಿಲ್ಲಿಸ್ಬೇಕು.

ಚೆಲುವಿಯ ಮೊದಲ ಹೆರಿಗೇಲಿ ಮಗು ದಕ್ಕಲಿಲ್ಲ. ಇವಳೂ ಹೋಗಿಬಿಡ್ತಿದ್ಲು, ರಕ್ತ ಹಾಗೆ ಹರೀತಿತ್ತು. ನಾನು ಮರಕ್ಕೆ ಬೈದು ತಂದ ತೊಗಟೆ ಅವಳನ್ನ ಉಳಿಸ್ತು. ಅವತ್ತು ಇಳಿಸಿದ್ದ ತೊಟ್ಟಿಲನ್ನ ಬೋರಣ್ಣ ಯಾರ ಕಣ್ಣಿಗೂ ಬೀಳದ ಹಾಗೆ ಅಟ್ಟಕ್ಕೆ ಏರಿಸ್ದ. ಆಮೇಲೆ ಅವಳು ಮತ್ತೆ ಬಸುರಿ ಆದ್ಲು, ನಾವು ಮತ್ತೆ ತೊಟ್ಟಿಲು ಇಳಿಸಿದ್ವಿ. ಈ ಕಥೆ ಆ ದಿನಗಳದ್ದು.

ಈಗ ಶಾಂತವೀರಪ್ಪನ ವಿಷಯಕ್ಕೆ ಬರ್ತೀನಿ, ಅವನ ಹೆಸರೆತ್ತಿದ್ರೆ ಇವತ್ತಿಗೂ ನನ್ನ ನಾಲಿಗೆ ತುರಿಸ್ತದೆ. ಕಾಡು ಕಾಯೋಕೆ ಅಂತ ಊರು ಮಾಡ್ಕೊಂಡ ತೊಗಟೆ ಸಂಘಕ್ಕೆ ಅವನು ಅಧ್ಯಕ್ಷ; ಊರಿನ ನಲ್ಲಿ, ರೇಷನ್, ಪಿಂಚಣಿ ಎಲ್ಲಾ ಅವನ ಕೈಯಲ್ಲೇ. ನಮ್ಮೂರೋನೇ. ಯಾವಾಗಲೂ ಕೈ ಮುಗಿದುಕೊಂಡೇ ಇರ್ತಿದ್ದ, ಯಾವಾಗಲೂ ನಗು. ಅವನಿಗೆ ಸಿಟ್ಟು ಬಂದದ್ದನ್ನ ಯಾರೂ ನೋಡಿಲ್ಲ, ಯಾಕೆ ಬರ್ತದೆ, ಅವನಿಗೆ ಯಾವುದರಲ್ಲಿ ಕಮ್ಮಿ ಆಗಿತ್ತು? ಕೆಳಗಿನ ಪೇಟೆಯೋರಿಗೆ ನಮ್ಮ ಕಂಬಳಿ ಕೆಂಪಿನ ಹುಚ್ಚು ಹಿಡೀತು. ಎಷ್ಟಿದ್ರೂ ಕೊಡಿ, ಲಾರಿ ತುಂಬ ಕೊಡಿ ಅಂತ ವ್ಯಾಪಾರಿಗಳು ಬಂದ್ರು. ಇವನು ಮರದ ಮುಂದೆ ಹೋಗಿ ನಕ್ಕೊಂಡು ನಿಂತ. ಮರ ಏನೂ ಕೊಡಲಿಲ್ಲ. ಎಲ್ಲರೂ ಬಂದು ಬೈಯ್ರಿ ಅಂತ ಡಂಗುರ ಹೊಡೆಸ್ದ. ಹೇಳಿದ ತಕ್ಷಣ ಸಿಟ್ಟು ಬರೋಕೆ ಅದೇನು ಆಕಳಿಕೆಯಾ? ಜನ ಹೋದ್ರು, ಮರಕ್ಕೆ ಕೈ ಇಟ್ರು, ಒಬ್ಬರ ಮುಖ ಒಬ್ಬರು ನೋಡಿ ನಕ್ಕು ವಾಪಸ್ ಬಂದ್ರು.

ಆಮೇಲೆ ಊರಿನ ನಲ್ಲಿ ಕೊಳವೆ ಒಡೀತು. ರಿಪೇರಿ ಮಾಡಿಸ್ಬೇಕಾದ ಅಧ್ಯಕ್ಷ ಇವತ್ತು ನಾಳೆ ಅಂತ ಮರೆತ. ಹೆಂಗಸರು ಕೊಡ ಹೊತ್ತು ಒರತೆಗೂ ಮನೆಗೂ ಅಲೆದು, ಸೊಂಟ ಬಿದ್ದುಹೋಗಿ, ಕಾಡಿಗೆ ಹೋಗಿ ಅವನಿಗೆ ಹಾಕ್ಬೇಕಾದ ಶಾಪಾನೆಲ್ಲ ಮರಕ್ಕೆ ಹಾಕಿದ್ರು. ಆ ವಾರ ಬಿದ್ದ ತೊಗಟೆ ಕಾಡಿನ ಬುಡದಲ್ಲಿ ರಾಶಿ ರಾಶಿ. ಶಾಂತವೀರಪ್ಪ ಹೋಗಿ ಆ ರಾಶಿ ನೋಡಿದ. ಅವತ್ತಿಂದ ನಲ್ಲಿ ರಿಪೇರಿ ಆಗಲೇ ಇಲ್ಲ.

ಅದೂ ಸಾಲದು ಅಂತ ರೇಷನ್ ಅಂಗಡೀನ ಎತ್ತಿ ಗುಡ್ಡದ ತುದಿಗೆ ಇಟ್ಟ, ಮೊಣಕಾಲು ನೋವಿನೋರು ತೆವಳಿಕೊಂಡು ಹತ್ತಲಿ ಅಂತ. ನಿಂಗವ್ವ ಅಂತ ನಮ್ಮ ಪಕ್ಕದ ಮನೆ ಮುದುಕಿ, ಗಂಡನಿಲ್ಲದೋಳು, ಪಿಂಚಣಿ ಕೇಳೋಕೆ ಹೋದ್ಲು. "ಅಜ್ಜೀ, ನೀವು ಬದುಕಿದ್ದೀರಿ ಅಂತ ಹೇಳೋಕೆ ಇಬ್ಬರು ಸಾಕ್ಷೀನ ಕರ್ಕೊಂಡು ಬನ್ನಿ" ಅಂದ, ಕೈ ಮುಗಿದು. ಸಾಕ್ಷಿ ಕರ್ಕೊಂಡು ಹೋದ್ರೆ "ಈ ಇಬ್ಬರೂ ಬದುಕಿದ್ದಾರೆ ಅನ್ನೋಕೆ ಸಾಕ್ಷಿ ಎಲ್ಲಿ?" ಅಂದ. ಯಾರು ಏನು ಕೇಳಿದ್ರೂ ಒಂದೇ ಮಾತು: "ತಾಳ್ಮೆ ಇರಲಿ ತಾಯೀ, ತಾಳ್ಮೆ ಇರಲಿ." ಆ ತಾಳ್ಮೆ ಅನ್ನೋ ಮಾತಿಗೇ ಎಷ್ಟು ತೊಗಟೆ ಬಿದ್ದಿತೋ ದೇವರೇ ಬಲ್ಲ. ಬಿದ್ದ ತೊಗಟೆ ಸಂಘಕ್ಕೆ ಸೇರಿದ್ದು ಅಂತ ನಿಯಮ ಮಾಡ್ದ. ಅವನ ಆಳುಗಳು ಚೀಲಕ್ಕೆ ತುಂಬಿದ್ರು.

ನನಗೆ ಗುಟ್ಟು ತಿಳಿದದ್ದು ಹೀಗೆ. ಒಂದು ದಿನ ಸಂಘದ ಸಭೆಗೆ ಹೋಗ್ತಾ ಇದ್ದೆ. ಸಭೆ ಇನ್ನೂ ಶುರುವೇ ಆಗಿಲ್ಲ, ಯಾರಿಗೂ ಯಾವ ಅವಮಾನವೂ ಆಗಿಲ್ಲ, ಅವನ ಆಳುಗಳು ಮಾತ್ರ ಖಾಲಿ ಚೀಲ ಹೆಗಲಿಗೆ ಹಾಕ್ಕೊಂಡು ಆಗಲೇ ಕಾಡಿನ ಕಡೆ ಹೊರಟಿದ್ರು! ಕರೆಯೋ ಮುಂಚೇನೇ ಹಸು ಕೆಳಗೆ ಚೊಂಬು ಇಟ್ಟ ಹಾಗೆ. ಎಲಾ ಇವನ, ನಮ್ಮನ್ನ ಹಿಂಡ್ತಾ ಇದ್ದಾನಲ್ಲಪ್ಪಾ ಅನ್ನಿಸ್ತು.

ಮನೆ ಮನೆಗೆ ಹೋಗಿ ಹೇಳ್ದೆ, "ಹೋಗ್ಬೇಡಿ ಕಣ್ರೇ, ನಿಮ್ಮ ಹೊಟ್ಟೆ ಉರಿಸಿ ಅವನು ಲಾರಿ ತುಂಬಿಸ್ತಾ ಇದ್ದಾನೆ." ಜನ ಕೇಳಿಸ್ಕೊಂಡ್ರು. "ಮತ್ತೆ ಎಲ್ಲಿಗೆ ಹೋಗೋದು ಹೊನ್ನಾಜಮ್ಮ? ಒಳಗೆ ಇಟ್ಕೊಂಡ್ರೆ ಅನ್ನ ಸೇರ್ತಿಲ್ಲ, ನಿದ್ದೆ ಹತ್ತಲ್ಲ" ಅಂದ್ಲು ನಿಂಗವ್ವ. ಅದೂ ನಿಜವೇ. ಅವನ ಮನೆ ಬಾಗಿಲಿಗೇ ಹೋಗಿ ಕೇಳೋಣ ಅಂತ ಒಬ್ಬರಿಗೂ ಹೊಳೀಲಿಲ್ಲ, ಬಾಯಿಬಡುಕಿ ಅಂತ ಬಿರುದು ಹೊತ್ತ ನನಗೂ ಹೊಳೀಲಿಲ್ಲ. ಮನುಷ್ಯನ ಮುಖ ನೋಡಿ ಬೈಯೋದು ನಮ್ಮೂರಲ್ಲಿ ಬಟ್ಟೆ ಬಿಚ್ಚಿ ಬೀದೀಲಿ ನಿಂತ ಹಾಗೆ. ಯಾರೂ ಮಾಡಿದ್ದಿಲ್ಲ.

ಒಂದೊಂದೇ ಮರ ಬೋಳಾಯ್ತು. ಸುತ್ತ ತೊಗಟೆ ಹೋದ ಮೇಲೆ ಎಲೆ ಮುದುರಿ, ಪಾಚಿ ಒಣಗಿ, ನಿಂತಲ್ಲೇ ಸತ್ತುವು. ನೂರಾರು ವರ್ಷ ನಮ್ಮ ಗಂಡಂದಿರಿಗೆ, ಅತ್ತೆಯರಿಗೆ, ಅಮಲ್ದಾರರಿಗೆ ಬೈಯೋದನ್ನೆಲ್ಲ ತಮ್ಮ ಮೈಮೇಲೆ ತಗೊಂಡ ಮೂಕ ಮರಗಳು. ಬೈಸ್ಕೊಂಡದ್ದು ಅವು, ತಪ್ಪು ಮಾಡಿದ್ದು ಯಾರೋ. ಕೊನೆಗೆ ಒರತೆ ಹತ್ರದ ಹಳೇ ಕೆಂದೊಗಟೆ ಒಂದು ಉಳೀತು. ಅದರ ಮೈಮೇಲೂ ತೊಗಟೆ ಉಳಿದದ್ದು ಮೂಡಲ ಕಡೆ ಬಾಗಿಲ ಹಲಗೆಯಷ್ಟಗಲ ಒಂದೇ ಪಟ್ಟಿ.

ಆ ಪಟ್ಟೀನ ಒಂದೇ ಏಟಿಗೆ ಇಳಿಸೋವಷ್ಟು ಸಿಟ್ಟು ಊರಲ್ಲಿ ಯಾರಿಗೆ ಬರ್ತದೆ ಅಂತ ಶಾಂತವೀರಪ್ಪನಿಗೆ ಗೊತ್ತಿತ್ತು. ನಮ್ಮ ಮನೆಗೇ ಬಂದ. ಚೆಲುವಿಗೆ ದಿನ ತುಂಬಿತ್ತು, ಒಳಗೆ ಮಲಗಿದ್ಲು. ಅವನು ಜಗಲಿ ಮೇಲೆ ಕೂತು, ಬೆಲ್ಲ ನೀರು ಕುಡಿದು, ನಡುಮನೇಲಿ ತೂಗುಹಾಕಿದ್ದ ತೊಟ್ಟಿಲು ನೋಡ್ದ. ಎರಡೂ ಕೈ ಮುಗಿದ. "ಹೊನ್ನಾಜಮ್ಮನವರೇ, ಇಷ್ಟು ಬೇಗ ಯಾಕೆ ಇಳಿಸಿದ್ರಿ? ಹೋದ ಸಲದ ಹಾಗೇ ಆದ್ರೆ ಮತ್ತೆ ಅಟ್ಟಕ್ಕೆ ಎತ್ತೋ ಕಷ್ಟ ನಿಮಗೆ" ಅಂದ. ನಕ್ಕ.

ನನ್ನ ಕಣ್ಣು ಕತ್ತಲೆ ಕಟ್ಟಿತು. ನಮ್ಮ ರಕ್ತಕ್ಕೇ ಗೊತ್ತಿರೋ ಹಾಗೆ ಕಾಲು ತಾನಾಗಿ ಎದ್ದು ಕಾಡಿನ ದಾರಿ ಹಿಡೀತು. ಬೇಲಿ ದಾಟ್ಬೇಕು, ಅಷ್ಟರಲ್ಲಿ ನೋಡ್ತೀನಿ, ಖಾಲಿ ಚೀಲ ಹೊತ್ತ ಆಳುಗಳು ನನಗಿಂತ ಮುಂದೆ ಹೋಗ್ತಾ ಇದ್ದಾರೆ. ಬೇಲಿ ಗೂಟ ಹಿಡ್ಕೊಂಡು ನಿಂತೆ. ನಾನೀಗ ಹೋದ್ರೆ ಪಟ್ಟಿ ಪೂರ್ತಿ ಬೀಳ್ತದೆ, ಮರ ಸಾಯ್ತದೆ, ನಾಳೆ ಚೆಲುವಿಗೆ ಅಂಗೈಯಗಲ ಬೇಕು ಅಂದಾಗ ನಾನು ಯಾರ ಮೈಗೆ ಕೈ ಇಡ್ಲಿ? ವಾಪಸ್ ಬಂದು ರಾಗಿ ಬೀಸೋಕೆ ಕೂತೆ. ಅವನು ಸ್ವಲ್ಪ ಹೊತ್ತು ನೋಡಿ, ಬೇಜಾರು ಮಾಡ್ಕೊಂಡು ಎದ್ದು ಹೋದ. ನಾನು ಬೀಸ್ತಾನೇ ಇದ್ದೆ.

ಮಾರನೇ ದಿನ ಬೆಳಿಗ್ಗೆ ಚೆಲುವಿಗೆ ಹೆಣ್ಣು ಮಗು ಆಯ್ತು. ಅತ್ತ ಸದ್ದಿಗೆ ಬೋರಣ್ಣ ಹೊರಗೆ ಕುಣಿದುಬಿಟ್ಟ. ಮಗು ಗಟ್ಟಿ ಇತ್ತು. ಆದ್ರೆ ತಾಯಿಗೆ ರಕ್ತ ನಿಲ್ಲಲಿಲ್ಲ. ಹಾಕಿದ ಬಟ್ಟೆ ಹಾಕಿದ ಹಾಗೆ ತೊಯ್ದು ಹೋಗ್ತಿತ್ತು, ತುಟಿ ಸುಣ್ಣದ ಬಣ್ಣಕ್ಕೆ ತಿರುಗ್ತು. ಸೂಲಗಿತ್ತಿ ನನ್ನ ಮುಖ ನೋಡಿ "ನೀರು ಕುದಿಯೋಕೆ ಇಡ್ತೀನಿ, ನೀನು ಹೋಗು" ಅಂದ್ಲು. ಬೋರಣ್ಣನ್ನೂ ಎಳ್ಕೊಂಡು ಓಡಿದೆ.

ಕವಲು ದಾರಿ ಬಂತು. ಎಡಕ್ಕೆ ಹೋದ್ರೆ ಕಾಡು, ಬಲಕ್ಕೆ ಸಂಘದ ಕಟ್ಟೆ. ನಾನು ನಿಂತುಬಿಟ್ಟೆ. "ಯಾಕವ್ವಾ ನಿಂತೆ?" ಅಂತ ಬೋರಣ್ಣ ಅಳೋ ಹಾಗಾದ. ನನ್ನೊಳಗೆ ಎರಡು ಸಿಟ್ಟಿತ್ತು, ಅದಕ್ಕೇ ನಿಂತೆ. ಒಂದು ಆ ಹಾಳು ರಕ್ತದ ಮೇಲೆ, ಇನ್ನೊಂದು ಆ ಹಲ್ಲುಕಿರಿಯೋನ ಮೇಲೆ. ಎರಡನ್ನೂ ಹೊತ್ಕೊಂಡು ಹೋಗಿ ಮರ ಮುಟ್ಟಿದ್ರೆ ಎರಡಕ್ಕೂ ಸೇರಿ ಬೀಳ್ತದೆ, ಕೊನೇ ಮರ ನನ್ನ ಕೈಯಲ್ಲೇ ಸಾಯ್ತದೆ. ಅವನ ಪಾಲಿನದ್ದನ್ನ ಮೊದಲು ಎಲ್ಲಾದ್ರೂ ಇಳಿಸ್ಬೇಕು. ಅದನ್ನ ಇಳಿಸೋಕೆ ಜಾಗ ಯಾವುದು? ಆಗ ಹೊಳೀತು ನೋಡಿ, ಈ ಮುದಿ ತಲೆಗೆ. ಬಲಕ್ಕೆ ತಿರುಗಿದೆ.

ಕಟ್ಟೆ ಮೇಲೆ ಸಭೆ ನಡೀತಿತ್ತು, ಅರ್ಧ ಊರು ಕೂತಿತ್ತು. ಶಾಂತವೀರಪ್ಪ ನನ್ನ ನೋಡಿ ಕೈ ಮುಗಿದ. ಹತ್ರ ಹೋದೆ. ಮುಖಕ್ಕೆ ಮುಖ ಕೊಟ್ಟು ನಿಂತೆ.

"ಲೇ ಶಾಂತವೀರ" ಅಂದೆ. ಕೂತಿದ್ದ ಹೆಂಗಸರು ಹೌಹಾರಿ ಮಕ್ಕಳ ಕಿವಿ ಮುಚ್ಚಿದ್ರು. "ಆ ಕೈ ಕೆಳಗೆ ಇಳಿಸೋ. ಮುಗಿದ ಕೈಯಲ್ಲೇ ಜನರ ಕತ್ತು ಹಿಸುಕ್ತೀಯಲ್ಲ, ನಿನಗೆ ನಾಚಿಕೆ ಮಾನ ಮರ್ಯಾದೆ ಏನಾದ್ರೂ ಇದ್ಯೇನೋ?"

ಅವನ ನಗು ಅಲ್ಲೇ ಇತ್ತು, ಆದ್ರೆ ಕಣ್ಣು ಪಿಳಿಪಿಳಿ ಅಂತು. "ತಾಯೀ, ತಾಳ್ಮೆ... ಇಲ್ಲಿ ಬೇಡ, ಮರದ ಹತ್ರ ಹೋಗಿ..."

"ಮರ ಏನು ಮಾಡಿದ್ಯೋ ನನಗೆ? ನಲ್ಲಿ ನೀರು ನಿಲ್ಲಿಸಿದ್ದು ಮರಾನಾ? ಅಕ್ಕಿ ಮೂಟೆ ಗುಡ್ಡ ಹತ್ತಿಸಿದ್ದು ಮರಾನಾ? ನಿಂಗವ್ವನ್ನ ನೀನು ಸತ್ತಿದ್ದೀಯಾ ಬದುಕಿದ್ದೀಯಾ ಅಂತ ಕೇಳಿದ್ದು ಮರಾನೇನೋ? ನನ್ನ ಮನೆ ಜಗಲಿ ಮೇಲೆ ಕೂತು, ನನ್ನ ಬೆಲ್ಲ ನೀರು ಕುಡಿದು, ಬಸುರಿ ಹುಡುಗಿ ಕಿವಿಗೆ ಬೀಳೋ ಹಾಗೆ ತೊಟ್ಟಿಲ ಮಾತಾಡ್ದೆ. ಆ ನಾಲಿಗೇಲಿ ಇನ್ನೊಂದು ಸಲ ಅನ್ನ ರುಚಿ ಹತ್ತದಿರಲಿ. ಉಂಡ ಮನೆಗೆ ಎರಡು ಬಗೆಯೋ ಕೊಳಕು ಮುಂಡೇದೇ. ನಮ್ಮ ಸಂಕಟ ಹಿಂಡಿ ಬಣ್ಣ ಮಾಡಿ ಮಾರ್ತೀಯಾ? ಥೂ!"

ಇನ್ನೂ ಏನೇನೋ ಅಂದೆ, ಎಲ್ಲ ಇಲ್ಲಿ ಹೇಳೋದಲ್ಲ. ಒಳಗೆ ಕಲ್ಲಿನ ಹಾಗೆ ಕೂತಿದ್ದದ್ದೆಲ್ಲ ಹೊರಗೆ ಬಂತು. ಅವನ ಮುಖದ ನಗು ಮಾತ್ರ ಉದುರಿತು, ಅದರ ಕೆಳಗೆ ಇದ್ದದ್ದು ಬರೀ ಹೆದರಿದ ಮುಖ. ನಾನು ಸೆರಗು ಕಟ್ಟಿ ಕಾಡಿಗೆ ಓಡಿದೆ.

ಒರತೆ ಹತ್ರ ಆಳುಗಳು ಚೀಲ ಬಿಚ್ಚಿಕೊಂಡು ಕೂತಿದ್ರು. ಹಳೇ ಮರದ ಮೂಡಲ ಕಡೆ ಅಂಗೈ ಇಟ್ಟೆ. ಒಳಗೆ ನೋಡ್ಕೊಂಡೆ. ಶಾಂತವೀರಪ್ಪ ಅಲ್ಲಿ ಇರಲೇ ಇಲ್ಲ. ಚೆಲುವಿಯ ಬಿಳುಚಿದ ತುಟಿ ಇತ್ತು.

"ಏ ಹಾಳು ರಕ್ತವೇ" ಅಂದೆ. "ಹೋದ ಸಲ ಕೂಸನ್ನ ತಗೊಂಡು ಹೋದೆ, ಹೊಟ್ಟೆ ತುಂಬಲಿಲ್ವಾ ನಿನಗೆ? ಇರುವೆಗೂ ನೋವು ಮಾಡದ ಹುಡುಗಿ ಅದು. ಅವಳ ಮೈಯೇನು ನಿನ್ನಪ್ಪನ ಮನೆ ಕಾಲುವೆಯಾ, ಕೇಳೋರಿಲ್ಲ ಅಂತ ಹರೀತಾ ಇದ್ದೀಯಾ? ನಿಲ್ಲು! ನಿಲ್ಲು ಅಂದ್ರೆ ನಿಲ್ಲು!" ನನ್ನ ಕಣ್ಣಲ್ಲಿ ನೀರು ಧಾರೆ.

ಕೈ ಕೆಳಗೆ ತೊಗಟೆ ಎದ್ದಿತು. ಅಂಗೈಯಗಲ. ಸುತ್ತಲಿನ ಪಟ್ಟಿ ಮರಕ್ಕೆ ಅಂಟಿಕೊಂಡೇ ಇತ್ತು.

ಅಷ್ಟರಲ್ಲಿ ಏದುಸಿರು ಬಿಡ್ತಾ ಶಾಂತವೀರಪ್ಪ ಬಂದ, ಹಿಂದೆ ಸಭೆಗೆ ಸಭೆಯೇ ಬಂತು. "ಬಿದ್ದ ತೊಗಟೆ ಸಂಘದ್ದು! ಹಿಡೀರಿ ಅವಳನ್ನ!" ಅಂದ. ಆಳು ಒಬ್ಬ ಚೀಲದ ಬಾಯಿ ತೆರೆದು ನನ್ನ ಮುಂದೆ ಹಿಡ್ದ. ನನ್ನಲ್ಲಿ ಒಂದು ಹನಿ ಸಿಟ್ಟು ಉಳಿದಿರಲಿಲ್ಲ, ತೊಗಟೆ ಎದೆಗೆ ಅವಚಿಕೊಂಡೆ. ಬಾಯಿ ತೆರೆದಿದ್ದು ನಿಂಗವ್ವ. ಕೋಲು ಊರಿಕೊಂಡು ನೇರ ಅವನ ಮುಂದೆ ಬಂದ್ಲು.

"ನಾನು ಬದುಕಿದ್ದೀನಿ ಕಣೋ, ಕಿವಿ ಕೊಟ್ಟು ಕೇಳು!" ಅಂದ್ಲು. "ಸಾಕ್ಷಿ ಬೇಕಾ ಸಾಕ್ಷಿ? ತಗೋ!" ಅಂತ ಕೋಲು ಎತ್ತಿದ್ಲು.

ಆಮೇಲೆ ಕೆರೆ ಏರಿ ಒಡೆದ ಹಾಗಾಯ್ತು. ಕೊಡ ಹೊತ್ತು ಸೊಂಟ ಮುರ್ಕೊಂಡೋರು, ಗುಡ್ಡ ಹತ್ತಿ ಮೊಣಕಾಲು ಕಳ್ಕೊಂಡೋರು, ಎಲ್ಲಾ ಒಟ್ಟಿಗೆ, ಮುಖದ ಮೇಲೆ, ಊರು ಹುಟ್ಟಿದ ಮೇಲೆ ಮೊದಲ ಸಲ. ಚೀಲ ಹಿಡಿದ ಆಳೂ ಚೀಲ ಬಿಸಾಡಿ "ನನ್ನ ಕೂಲಿ ಎಲ್ಲಿ?" ಅಂತ ತಿರುಗಿ ನಿಂತ. ಕಾಡು ಗುಂಯ್ ಅಂತಿತ್ತು. ಮರದಿಂದ ಒಂದು ಚಕ್ಕೆ ಬೀಳಲಿಲ್ಲ. ನಾನು ಜನರ ನಡುವೆ ನುಗ್ಗಿ ಮನೆಗೆ ಓಡಿದೆ. ನೀರು ಕುದೀತಾ ಇತ್ತು.

ಚೆಲುವಿ ಕಷಾಯ ಕುಡಿದ್ಲು, ಕಕ್ಕಿದ್ಲು, ಮತ್ತೆ ಕುಡಿದ್ಲು. ಮಂಜು ಇಳಿಯೋ ಹೊತ್ತಿಗೆ ರಕ್ತ ನಿಂತಿತು. ಮಿಕ್ಕ ಕಥೆ ಸಂಜೆ ನಿಂಗವ್ವ ಬಂದು ಹೇಳಿದ್ಲು. ಶಾಂತವೀರಪ್ಪನಿಗೆ ಕೊನೆಗೂ ಸಿಟ್ಟು ಬಂತಂತೆ. ಎಷ್ಟಾದ್ರೂ ನಮ್ಮೂರೋನಲ್ವಾ, ಹೋಗಿ ಮರಕ್ಕೆ ಎರಡೂ ಕೈ ಬಡಿದು ಬೈದನಂತೆ. ಉಗುರಿನಷ್ಟು ಒಂದು ಚಕ್ಕೆ ಎದ್ದಿತಂತೆ. ಜನರ ನಡುವೆ ಸಿಕ್ಕಿಬಿದ್ದು ಅಲ್ಲೇ ಉಳಿದಿದ್ದ ನನ್ನ ಮಗ ಬೋರಣ್ಣ ಅದನ್ನ ಬಗ್ಗಿ ಆರಿಸಿ, ಅವನ ಅಂಗೈ ಮೇಲಿಟ್ಟು, "ತಗೊಳ್ಳಿ ಅಧ್ಯಕ್ಷರೇ, ಬಿದ್ದದ್ದು ಸಂಘದ್ದು" ಅಂದನಂತೆ, ತನ್ನ ಮೆತ್ತಗಿನ ದನೀಲಿ. ಊರು ಬಿದ್ದು ಬಿದ್ದು ನಕ್ಕಿತಂತೆ.

ನಲ್ಲೀಲಿ ಈಗ ನೀರು ಬರ್ತದೆ. ಅವನು ಅಧ್ಯಕ್ಷ ಅಲ್ಲ. ಹಾಗಂತ ನನ್ನ ಹೊಟ್ಟೆ ತಣ್ಣಗಾಗಿಲ್ಲ. ಸತ್ತ ಮರಗಳು ಗುಡ್ಡದಲ್ಲಿ ಹಾಗೇ ನಿಂತಿವೆ, ದಿನಾ ನೋಡ್ತೀನಿ, ಅವನು ಎದುರಿಗೆ ಸಿಕ್ಕಾಗೆಲ್ಲ ಕೇಳ್ತೀನಿ. ಊರಲ್ಲಂತೂ ಈಗ ಕಿವಿ ಇಟ್ಕೊಂಡು ಬಾಳೋ ಹಾಗಿಲ್ಲ. ಗಂಡ ಹೆಂಡ್ತಿ, ವಾರಗಿತ್ತಿಯರು, ಬೇಲಿ ಈಚೆಯೋರು ಆಚೆಯೋರು, ಬೆಳಗಾದ್ರೆ ಜಗಳ. ಕೆಲವರಿಗೆ ಮಿತಿಯೇ ತಿಳಿಯೋಲ್ಲ, ಉಪ್ಪು ಹೆಚ್ಚಾಯ್ತು ಅಂತ ಬೀದಿಗೆ ಕೇಳೋ ಹಾಗೆ ಕೂಗ್ತಾರೆ. ಜ್ವರ ಬಂದ್ರೆ, ರಕ್ತ ಹೋದ್ರೆ ಮಾತ್ರ ಒರತೆ ಮರಕ್ಕೆ ಹೋಗ್ತೀವಿ. ಅವಕ್ಕೆ ಬೈಯೋಣ ಅಂದ್ರೆ ಮುಖ ಇಲ್ವಲ್ಲ.

ಬಾಣಂತನದ ಕೊನೇಲಿ ಒಂದು ಮಧ್ಯಾಹ್ನ ನಾನು ತೊಟ್ಟಿಲು ತೂಗ್ತಾ ಕೂತಿದ್ದೆ. ಚೆಲುವಿ ಎದ್ದು ಕೂತ್ಲು. "ಅತ್ತೆ" ಅಂದ್ಲು. ದನಿ ಗಟ್ಟಿ ಇತ್ತು, ಒಲೆ ಹತ್ರ ಇದ್ದ ಬೋರಣ್ಣನೂ ತಿರುಗಿ ನೋಡ್ದ. "ಅವನು ತೊಟ್ಟಿಲ ಮಾತಾಡಿದ ದಿನ ನಾನು ಒಳಗೆ ಎಲ್ಲಾ ಕೇಳಿಸ್ಕೊಂಡೆ. ನೀವು ಒಂದೇ ಒಂದು ಮಾತು ಆಡಲಿಲ್ಲ. ರಾಗಿ ಬೀಸ್ತಾ ಕೂತ್ರಿ. ಅವನು ಹೋದ ಮೇಲಾದ್ರೂ ಒಳಗೆ ಬಂದು ನನ್ನ ಮುಖ ನೋಡಿದ್ರಾ? ಬೀಸೋ ಕಲ್ಲಿನ ಸದ್ದು ಕೇಳ್ಕೊಂಡು ಇಡೀ ದಿನ ಒಬ್ಬಳೇ ಅಳ್ತಾ ಇದ್ದೆ ನಾನು. ನಿಮಗೆ ಮರ ದೊಡ್ಡದಾಗಿತ್ತಾ, ನಾನು ದೊಡ್ಡವಳಾಗಿದ್ನಾ?"

ನನ್ನ ಎರಡೂ ಕಿವಿ ಬಿಸಿ ಆದುವು. ನಿನ್ನ ಜೀವಕ್ಕೇ ಕಣೇ ನಾನು ಆ ಮರಾನ ಉಳಿಸಿದ್ದು ಅಂತ ಬಾಯಿ ತುದಿ ತನಕ ಬಂತು. ಅದೂ ನಿಜ, ಇದೂ ನಿಜ. ಅಭ್ಯಾಸ ಬಿಡ್ಬೇಕಲ್ಲ, ಎದ್ದು ಕಾಡಿನ ಕಡೆ ಹೊರಟೆ. ಹೊಸಿಲ ಹತ್ರ ನಿಂತೆ. ವಾಪಸ್ ಬಂದು ಅವಳ ಎದುರಿಗೆ, ನೆಲದ ಮೇಲೆ ಕೂತೆ.

"ಇನ್ನೂ ಇದ್ಯಾ?" ಅಂದೆ. "ಹೇಳು."

ಇತ್ತು. ಸಂಜೆ ತನಕ ಇತ್ತು.